ಫ್ಯಾನ್ ಆಫ್ ಮಾಡೋದನ್ನು ಯಾರು ಕಲಿಸಬೇಕು?

ಸೌಂಡ್ ರೆಕಾರ್ಡಿಂಗ್ ಕಲಿಸುವ ಕಾಲೇಜುಗಳು ನಿಜಕ್ಕೂ ಏನು ಕಲಿಸುತ್ತಿವೆ? ಒಂದು ವಾರದಿಂದ ತಲೆ ಕೊರೆಯುತ್ತಿರುವ ವಿಷಯ ಇದು. ಬರೆದು ಮುಗಿಸದಿದ್ದರೆ ಸಮಾಧಾನ ಆಗಲ್ಲ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ನಮ್ಮ ಬೀದಿಯ ಅಜ್ಜ ತಂಬೂರಿ ಹಿಡಿದು ತತ್ವಪದ ಹಾಡುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ವಯಸ್ಸು ಎಂಬತ್ತು ದಾಟಿದೆ. ಅವರ ಪದಗಳನ್ನು ರೆಕಾರ್ಡ್ ಮಾಡಿಡಬೇಕು ಅಂತ ನನ್ನ ಸ್ನೇಹಿತನ ಮಗ ಬೆಂಗಳೂರಿನಿಂದ ಬಂದಿದ್ದ. ಅಲ್ಲೊಂದು ಖಾಸಗಿ ಸಂಸ್ಥೆಯಲ್ಲಿ ಆಡಿಯೋ ಪ್ರೊಡಕ್ಷನ್ ಓದುತ್ತಿದ್ದಾನೆ. ಲಕ್ಷಗಟ್ಟಲೆ ಫೀಸು. ಅಪ್ಪ ಸಾಲ ಮಾಡಿ ಕಟ್ಟಿದ್ದಾನೆ. ಹುಡುಗ ತುಂಬಾ ಒಳ್ಳೆಯವನು, ಆಸಕ್ತಿ ಇರುವವನು. ಇಲ್ಲದಿದ್ದರೆ ರಜೆ ದಿನ ಯಾರು ಬರುತ್ತಾರೆ, ಅಲ್ವಾ?

ಮೈಕನ್ನು ಮೇಜಿನ ಮೇಲೆ ಇಟ್ಟ. ಅಜ್ಜ ಕೂತಿದ್ದ ಚಾಪೆಗೂ ಮೈಕಿಗೂ ಒಂದು ಮಾರು ದೂರ. ತಲೆ ಮೇಲೆ ಫ್ಯಾನು ಕಟಕಟ ಅಂತ ತಿರುಗುತ್ತಿತ್ತು. "ಫ್ಯಾನ್ ಆಫ್ ಮಾಡಪ್ಪ" ಅಂದೆ. "ಪರವಾಗಿಲ್ಲ ಅಂಕಲ್, ಆಮೇಲೆ ಪ್ಲಗಿನ್‌ನಲ್ಲಿ ತೆಗೀತೀನಿ. ಕಾಲೇಜಲ್ಲಿ ಹಾಗೇ ಹೇಳಿಕೊಟ್ಟಿದ್ದಾರೆ" ಅಂದ. ಪ್ಲಗಿನ್ ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್. ಅಜ್ಜ ಎರಡು ಪದ ಹಾಡಿದರು. ಹುಡುಗ ಅಲ್ಲೇ ಲ್ಯಾಪ್‌ಟಾಪ್ ತೆಗೆದು, ಧ್ವನಿಯನ್ನು ಮಾತ್ರ ಉಳಿಸಿಕೊಡುವ ಒಂದು ಎಐ ಪ್ಲಗಿನ್ ಹಾಕಿ, ಖುಷಿಯಿಂದ ಅಜ್ಜನ ತಲೆಗೆ ಹೆಡ್‌ಫೋನ್ ಸಿಕ್ಕಿಸಿದ. ಅಜ್ಜ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಹೆಡ್‌ಫೋನ್ ತೆಗೆದು ಕೇಳಿದರು, "ನನ್ನ ತಂಬೂರಿ ಎಲ್ಲೋಯ್ತು ಮಗಾ?"

ತಂಬೂರಿ ಹೋಗಿತ್ತು. ಫ್ಯಾನಿನ ಜೊತೆಗೇ ಹೋಗಿತ್ತು.

ಯಾಕೆ ಅಂತ ಗೊತ್ತಿರುವವರಿಗೆ ಗೊತ್ತು. ಇಂಥ ಪ್ಲಗಿನ್‌ಗೆ ಮನುಷ್ಯರ ಧ್ವನಿ ಮಾತ್ರ ಬೇಕು, ಉಳಿದದ್ದೆಲ್ಲ ಕಸ. ಅದಕ್ಕಿಂತ ಹಳೆಯ ನಾಯ್ಸ್ ರಿಡಕ್ಷನ್‌ಗಳು ಒಂದೇ ಸಮನೆ ಬರುವ ಸದ್ದನ್ನು ಹುಡುಕಿ ತೆಗೆಯುತ್ತವೆ. ತಂಬೂರಿಯ ಕೆಲಸವೇ ಒಂದೇ ಸಮನೆ ನುಡಿಯುವುದು. ತಂಬೂರಿಯ ಕುದುರೆಯ (ತಂತಿಗಳನ್ನು ಹೊರುವ ಪಟ್ಟಿ) ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಇಟ್ಟು, ಅದನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸಿ, ತಂತಿ ಝೇಂಕರಿಸುವ ಆ ಒಂದೇ ಜಾಗ ಸಿಗುವ ತನಕ ಅಜ್ಜ ಬೆಳಿಗ್ಗೆಯಿಂದ ಕೂತಿದ್ದರು. ಅಷ್ಟನ್ನೂ ಸಾಫ್ಟ್‌ವೇರ್ ಅಳಿಸಿ ಹಾಕಿತ್ತು. ಪದದ ಕೊನೆಯಲ್ಲಿ ಅಜ್ಜ ಬಾಯಿ ಮುಚ್ಚಿ ಶ್ರುತಿಯಲ್ಲಿ ನಿಲ್ಲುತ್ತಾರಲ್ಲ, ಆ ಗುನುಗು ಕೂಡ ಅರ್ಧಕ್ಕೆ ಕತ್ತರಿಸಿ ಹೋಗಿತ್ತು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಯಲ್ಲಿ ದುಡ್ಡು ತೆಗೆದುಕೊಂಡು "ರೆಕಾರ್ಡಿಂಗ್ ಕಲಿಸುತ್ತೇವೆ" ಅಂದವರ ಮೇಲೆ ಸಿಟ್ಟಿದೆ. ಅವನ ಹತ್ತಿರ ಕೂತು ಸಿಲಬಸ್ ಕೇಳಿದೆ. ಮೊದಲ ದಿನದಿಂದ ಸಾಫ್ಟ್‌ವೇರ್. ಯಾವ ಮೆನು, ಯಾವ ಪ್ಲಗಿನ್, ಯಾವ ಪ್ರೀಸೆಟ್. ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ. ಕಾರ್ಡಿಯಾಯ್ಡ್ ಅನ್ನುವ ಬಗೆಯ ಮೈಕು ಬೆನ್ನ ಕಡೆಯಿಂದ ಸದ್ದು ಕಮ್ಮಿ ಹಿಡಿಯುತ್ತೆ, ಹಾಗಾಗಿ ಅದರ ಬೆನ್ನನ್ನು ಬೀದಿ ಕಡೆಗೆ ತಿರುಗಿಸಬೇಕು ಅಂತ ಅವನಿಗೆ ಯಾರೂ ಹೇಳಿಲ್ಲ. ಸ್ಟುಡಿಯೋ ಇದೆಯಂತೆ, ಆದರೆ ಬ್ಯಾಚು ದೊಡ್ಡದು, ಒಬ್ಬೊಬ್ಬರಿಗೆ ಸರದಿ ಬರುವುದೇ ಕಷ್ಟ. ಬ್ರೋಷರ್‌ನಲ್ಲಿ ಮಾತ್ರ ಆ ಸ್ಟುಡಿಯೋದ ಮಿಕ್ಸಿಂಗ್ ಕನ್ಸೋಲ್ ಎಲ್ಲಾ ಪುಟದಲ್ಲೂ ಇದೆ.

ಇದರಲ್ಲಿ ಕಷ್ಟದ ಲೆಕ್ಕ ಏನೂ ಇಲ್ಲ. ಉದಾಹರಣೆಗೆ, ಮೈಕು ಎರಡು ಅಡಿ ದೂರ ಇದ್ದಿದ್ದನ್ನು ಒಂದು ಅಡಿಗೆ ತಂದರೆ ಹಾಡುವವರ ದನಿ ಸುಮಾರು 6 ಡೆಸಿಬೆಲ್ ಜಾಸ್ತಿ ಸಿಗುತ್ತೆ. ಫ್ಯಾನಿನ ಸದ್ದು ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತೆ. ಅಷ್ಟು ಲಾಭವನ್ನು ಯಾವ ಪ್ಲಗಿನ್ನೂ ಪುಕ್ಕಟೆ ಕೊಡಲ್ಲ, ಏನಾದರೂ ಕಿತ್ತುಕೊಂಡೇ ಕೊಡುತ್ತೆ. ಆ ಭಾನುವಾರ ಮಧ್ಯಾಹ್ನ ನಾವು ಮತ್ತೆ ಕೂತೆವು. ಫ್ಯಾನ್ ಆಫ್. ಬೀದಿ ಕಡೆಯ ಕಿಟಕಿ ಮುಚ್ಚಿ ಒಂದು ಕಂಬಳಿ ಇಳಿಬಿಟ್ಟೆವು. ಮೈಕನ್ನು ಅಜ್ಜನ ಗಲ್ಲಕ್ಕಿಂತ ಸ್ವಲ್ಪ ಕೆಳಗೆ ತಂದು, ಬಾಯಿಗೂ ತಂಬೂರಿಗೂ ನಡುವೆ ಇಟ್ಟು, ಹುಡುಗನಿಗೆ ಹೆಡ್‌ಫೋನ್ ಕೊಟ್ಟು, ಮೈಕು ಸರಿಸುತ್ತಾ ಕೇಳು ಅಂದೆ. ನಾಲ್ಕು ಬೆರಳು ಸರಿಸಿದ್ದಕ್ಕೆ ತಂಬೂರಿ ತುಂಬಿಕೊಂಡು ಬಂತು. ಅವನ ಕಣ್ಣು ಅರಳಿದ್ದನ್ನು ನೋಡಬೇಕಿತ್ತು ನೀವು. "ಇದನ್ನು ಯಾಕೆ ಅಂಕಲ್ ಮೊದಲೇ ಹೇಳಿಕೊಡಲ್ಲ?" ಅಂದ. ನಾನೂ ಅದನ್ನೇ ಕೇಳುತ್ತಿದ್ದೇನೆ.

ನಾವು ಓದಿದ ಸೌಂಡ್ ಡಿಪ್ಲೊಮಾ ಶುರುವಾಗಿದ್ದು ಸಾಲ್ಡರಿಂಗ್ ಐರನ್ನಿನಿಂದ. ನಮ್ಮ ಕೇಬಲ್ ನಾವೇ ಮಾಡಿಕೊಳ್ಳಬೇಕಿತ್ತು. ಮೈಕ್ ಕೇಬಲ್ಲಿನ ಮೂರು ಪಿನ್ನಿನ ಕನೆಕ್ಟರ್ ಎಕ್ಸ್‌ಎಲ್‌ಆರ್‌ನ ಒಂದನೇ ಪಿನ್‌ಗೆ ಶೀಲ್ಡ್ (ಹೊರಕವಚ), ಸದ್ದು ಒಯ್ಯುವ ಎರಡು ತಂತಿಗಳಲ್ಲಿ ಎರಡಕ್ಕೆ ಹಾಟ್, ಮೂರಕ್ಕೆ ಕೋಲ್ಡ್. ಎರಡು, ಮೂರು ಅದಲುಬದಲಾದರೆ ಏನಾಗುತ್ತೆ ಅಂತ ಸರ್ ಬೋರ್ಡಿನ ಮೇಲೆ ಬರೆದು ಬಿಡಲಿಲ್ಲ, ಕೇಳಿಸಿದರು. ಮೃದಂಗದ ಎರಡೂ ಕಡೆ ಒಂದೊಂದು ಮೈಕ್ ಇಟ್ಟರು. ಎರಡನ್ನೂ ಕೂಡಿಸಿದ ಕೂಡಲೇ ಎಡಗಡೆಯ ಆಳದ ದನಿ, ಆ ಗುಮಕಿ, ಒಣಗಿ ಹೋಯಿತು. ಒಂದು ಚಾನೆಲ್‌ನ ಫೇಸ್ ಬಟನ್ (ಎರಡು, ಮೂರು ಅದಲುಬದಲಾದ ಹಾಗೆಯೇ ಸದ್ದಿನ ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿದರು, ಗುಮಕಿ ವಾಪಸ್ ಬಂತು. ಫೇಸ್ ಅಂದರೆ ಏನು ಅಂತ ಆವತ್ತಿನಿಂದ ಇವತ್ತಿನ ತನಕ ನನಗೆ ಯಾವ ಪುಸ್ತಕವೂ ಬೇಕಾಗಿಲ್ಲ.

ಈಗ ಕೆಲವರು ಹೇಳುತ್ತಾರೆ, ಗೊತ್ತು ನನಗೆ. ಕಾಲ ಬದಲಾಗಿದೆ, ಮಲಗುವ ಕೋಣೆಯಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲೇ ಇಡೀ ಆಲ್ಬಂ ಮಾಡುತ್ತಾರೆ, ಕೆಲಸ ಸಿಗುವುದೂ ಸಾಫ್ಟ್‌ವೇರ್ ಬಂದವರಿಗೇ, ನೀನು ಹಳೇ ಕಾಲದವನು. ನಾನೂ ದಿನಾ ಅದೇ ಸಾಫ್ಟ್‌ವೇರ್‌ನಲ್ಲೇ ಅನ್ನ ತಿನ್ನುತ್ತಿದ್ದೇನೆ. ಟೇಪ್ ಕತ್ತರಿಸಿ ಅಂಟಿಸುವ ಕಾಲ ವಾಪಸ್ ಬರಲಿ ಅಂತ ಯಾರೂ ಕೇಳುತ್ತಿಲ್ಲ. ಆದರೆ ಸಾಫ್ಟ್‌ವೇರ್ ಕಲಿಯಲು ಲಕ್ಷಗಟ್ಟಲೆ ಯಾಕೆ? ಅದನ್ನು ಮನೆಯಲ್ಲಿ ಯೂಟ್ಯೂಬ್ ನೋಡಿ ಕಲಿಯಬಹುದು, ಸಾವಿರಾರು ಮಕ್ಕಳು ಕಲಿತಿದ್ದಾರೆ. ಮನೆಯಲ್ಲಿ ಸಿಗದ್ದು ಸ್ಟುಡಿಯೋ, ಹತ್ತು ಥರದ ಮೈಕು, ನುಡಿಸುವ ಮನುಷ್ಯ, ಪಕ್ಕದಲ್ಲಿ ನಿಂತು "ಈಗ ಕೇಳು" ಅನ್ನುವ ಗುರು. ಶಾಲೆ ಇರುವುದೇ ಅದಕ್ಕೆ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಿಸುತ್ತಾರೆ, ಯಾಕೆಂದರೆ ಲ್ಯಾಪ್‌ಟಾಪನ್ನು ಮಕ್ಕಳೇ ತರುತ್ತಾರೆ, ಮೈಕು ಶಾಲೆ ಕೊಡಿಸಬೇಕು.

ಇನ್ನೊಂದು ಮಾತು, ಎಷ್ಟು ಜೋರು ಸದ್ದನ್ನೂ ರೆಕಾರ್ಡರ್ ತಡೆದುಕೊಳ್ಳುವ 32 ಬಿಟ್ ಫ್ಲೋಟ್ ಬಂದಿದೆ, ಇನ್ನು ಲೆವೆಲ್ ನೋಡಬೇಕಿಲ್ಲ ಅಂತ. ಚೆಂಡೆಯ ಪಕ್ಕ ಒಂದು ಸೂಕ್ಷ್ಮವಾದ ಮೈಕ್ ಇಟ್ಟು ನೋಡಿ. ರೆಕಾರ್ಡರ್ ತಡೆದುಕೊಂಡರೂ ಮೈಕೇ ಒಡೆದ ಸದ್ದು ಕೊಟ್ಟರೆ ಎಷ್ಟು ಬಿಟ್ ಇದ್ದು ಏನು ಪ್ರಯೋಜನ? ಭಾಗವತರ ಏರುದನಿಗೆ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಇಟ್ಟು, ಚೆಂಡೆ ಬಿದ್ದ ಕೂಡಲೇ ಮೀಟರ್ ಕೆಂಪಾಗಿ ಸದ್ದು ಒಡೆಯುವ ಯಕ್ಷಗಾನದ ವಿಡಿಯೋಗಳನ್ನು ನೀವೆಲ್ಲ ಕೇಳಿದ್ದೀರಿ. ಒಮ್ಮೆ ಹೀಗೆ ಒಡೆದದ್ದು, ಅಂದರೆ ಕ್ಲಿಪ್ ಆದದ್ದು, ಪೂರ್ತಿಯಾಗಿ ವಾಪಸ್ ಬರಲ್ಲ.

ನನಗೆ ಹೊಟ್ಟೆ ಉರಿಯುವುದಕ್ಕೆ ಕಾರಣ ಇದೆ. ಈ ವಿದ್ಯೆಯಲ್ಲಿ ನಾವು ಹಿಂದೆ ಬಿದ್ದವರಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು 1960ರಲ್ಲಿ. ಅದಕ್ಕೂ ಮೊದಲೇ, 1940ರ ದಶಕದಲ್ಲೇ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ತಾಂತ್ರಿಕ ವಿದ್ಯೆ ಕಲಿಸುತ್ತಿದ್ದರು. ಮೈಸೂರಿನ ವಿ.ಕೆ. ಮೂರ್ತಿ ಕ್ಯಾಮೆರಾ ಕಲಿತದ್ದು ಅಲ್ಲೇ, ಆಮೇಲೆ ಫಾಲ್ಕೆ ಪ್ರಶಸ್ತಿ ಪಡೆದವರು. ಎಂಜಿನಿಯರಿಂಗ್ ಓದುವ ಮಕ್ಕಳ ಪಕ್ಕದ ಕೋಣೆಯಲ್ಲೇ ಇದನ್ನೂ ಒಂದು ಎಂಜಿನಿಯರಿಂಗ್ ಅಂತ ಓದುವ ಪದ್ಧತಿ ನಮ್ಮಲ್ಲಿತ್ತು. ಕನ್ನಡದ ಹಾಡು ರೆಕಾರ್ಡ್ ಆಗಬೇಕಾದರೆ ಮದ್ರಾಸಿಗೆ ಹೋಗಬೇಕಿದ್ದ ಕಾಲದಲ್ಲಿ, ಶಂಕರ್ ನಾಗ್ ಮತ್ತು ಅನಂತ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದರು. ಇಷ್ಟೆಲ್ಲ ಇದ್ದ ಊರಿನಲ್ಲಿ ಈಗ ಒಬ್ಬ ಹುಡುಗನಿಗೆ ಫ್ಯಾನ್ ಆಫ್ ಮಾಡು ಅಂತ ಹೇಳಿಕೊಡುವ ಮೇಷ್ಟ್ರಿಗೆ ಬರಗಾಲ ಬಂದಿದೆ.

ಕಿವಿಯ ವಿಷಯ ಬೇರೆ. ಇದನ್ನು ನಾನು ಹೆಚ್ಚು ಜನಕ್ಕೆ ಹೇಳಿಲ್ಲ. ವರ್ಷಗಟ್ಟಲೆ ಆರ್ಕೆಸ್ಟ್ರಾ ಸ್ಟೇಜಿನ ಪಕ್ಕ ನಿಂತು ಕೆಲಸ ಮಾಡಿದ್ದಕ್ಕೆ ನನ್ನ ಎಡಗಿವಿಯಲ್ಲಿ ಸದಾ ಒಂದು ಸಣ್ಣ ಶಿಳ್ಳೆ ಇರುತ್ತೆ. ರಾತ್ರಿ ಮನೆ ಶಾಂತವಾದಾಗ ಜಾಸ್ತಿ. ಇದಕ್ಕೆ ಔಷಧ ಇಲ್ಲ ಅಂತ ಡಾಕ್ಟರ್ ಹೇಳಿಬಿಟ್ಟಿದ್ದಾರೆ. 85 ಡೆಸಿಬೆಲ್ ಸದ್ದಿನಲ್ಲಿ 8 ಗಂಟೆ ಇರಬಹುದು, ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧಕ್ಕರ್ಧ ಇಳಿಯುತ್ತೆ, 100 ತಲುಪಿದರೆ ಬರೀ 15 ನಿಮಿಷ. ಇದು ಮೊದಲ ವಾರದ ಮೊದಲ ಪಾಠ ಆಗಬೇಕು. ಆ ಹುಡುಗನನ್ನು ಕೇಳಿದೆ. ಗೊತ್ತಿಲ್ಲ ಅಂದ. ಹೆಡ್‌ಫೋನ್ ವಾಲ್ಯೂಮ್ ಪೂರ್ತಿ ಏರಿಸಿ ದಿನಾ ಏಳೆಂಟು ಗಂಟೆ ಮಿಕ್ಸ್ ಮಾಡುತ್ತಾನಂತೆ. ಇವರ ಜೀವನಕ್ಕೆ ಆಧಾರ ಆಗಬೇಕಾದ ಕಿವಿಯನ್ನೇ ಕಾಪಾಡಲು ಹೇಳಿಕೊಡದವರು ಮತ್ತೇನು ಕಲಿಸುತ್ತಾರೆ ಸ್ವಾಮಿ? ಆವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಇದನ್ನು ನೆನೆಸಿಕೊಂಡು ನಿಜವಾಗಿ ಅಳು ಬಂತು.

ಅಡ್ಮಿಷನ್ ಅಂತ ಯೋಚಿಸುತ್ತಿರುವ ಅಪ್ಪ ಅಮ್ಮಂದಿರು ನನ್ನ ಸ್ನೇಹಿತರ ಪಟ್ಟಿಯಲ್ಲಿ ಹಲವರಿದ್ದೀರಿ. ಇನ್‌ಬಾಕ್ಸ್‌ನಲ್ಲಿ ಯಾವ ಕಾಲೇಜು ಒಳ್ಳೆಯದು ಅಂತ ಕೇಳುತ್ತೀರಿ. ಹೆಸರು ಹೇಳಲ್ಲ. ಫೀಸು ಕಟ್ಟುವ ಮೊದಲು ನೀವೇ ಹೋಗಿ ನೋಡಿ. ಮೈಕ್ ಸ್ಟ್ಯಾಂಡಿನ ಸ್ಕ್ರೂಗಳು ಸವೆದಿವೆಯಾ, ಕೇಬಲ್ಲುಗಳ ಮೇಲೆ ಮಕ್ಕಳು ಸುತ್ತಿದ ಟೇಪು ಇದೆಯಾ, ಸಾಲ್ಡರಿಂಗ್ ಐರನ್ ಎಲ್ಲಿದೆ, ಕಣ್ಣಾರೆ ನೋಡಿ. ಕೌನ್ಸೆಲರ್ ಮೇಡಂ ಹತ್ತಿರ ಕೇಳಬೇಡಿ, ಕ್ಯಾಂಟೀನಿಗೆ ಹೋಗಿ ಹಿರಿಯ ಬ್ಯಾಚಿನ ಮಕ್ಕಳನ್ನು ಕೇಳಿ, ನೀನೇ ಕೈಯಾರೆ ಮೈಕ್ ಇಟ್ಟು ಹಾಡುವವರನ್ನು ರೆಕಾರ್ಡ್ ಮಾಡಿದ್ದು ಯಾವಾಗ ಅಂತ. ಮುಖ ಮುಖ ನೋಡಿಕೊಂಡರೆ ಎದ್ದು ಬನ್ನಿ. ಆ ದುಡ್ಡಿನ ಒಂದು ಪಾಲಿನಲ್ಲಿ ಮಗುವಿಗೆ ಎರಡು ಒಳ್ಳೆ ಮೈಕು, ಒಂದು ರೆಕಾರ್ಡರ್, ಒಂದು ಹೆಡ್‌ಫೋನ್ ಬರುತ್ತೆ. ಕೊಡಿಸಿ, ಊರಿನಲ್ಲಿ ಹಾಡುವವರು ಯಾರಿದ್ದಾರೋ ಅವರ ಮನೆಗೆ ಕಳಿಸಿ. ಮೈಕ್ ಎಲ್ಲಿಡಬೇಕು ಅಂತ ತಿಳಿಯದಿದ್ದರೆ ನನಗೆ ಫೋನ್ ಮಾಡಲಿ.