ಹಣ ಕಟ್ಟುವ ಕಿಟಕಿಯಲ್ಲಿ ಕೇಳುವ ಪ್ರಶ್ನೆಯೇ ಇದು?

ಇವತ್ತು ಬೆಳಿಗ್ಗೆ ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಕಾಕಾ ಅವರನ್ನು ಕರೆದುಕೊಂಡು ಹೋಗಿದ್ದೆ. ಮೂತ್ರ ಕಟ್ಟಿ, ಪೈಪ್ ಹಾಕಿಸಿಕೊಂಡು ಹನ್ನೊಂದು ದಿನವಾಯಿತು. ಮೂತ್ರದ ಚೀಲ ಯಾರ ಕಣ್ಣಿಗೂ ಬೀಳಬಾರದೆಂದು ಅದನ್ನು ಬಟ್ಟೆಯಂಗಡಿಯ ಕೈಚೀಲದೊಳಗೆ ಇಳಿಬಿಟ್ಟು, ಪೈಪಿನ ಮೇಲೆ ಧೋತರದ ಅಂಚು ಎಳೆದುಕೊಂಡು ಕುಳಿತಿದ್ದರು. ಡಾಕ್ಟರು ಎರಡೇ ಮಾತಿನಲ್ಲಿ ಆಪರೇಷನ್ ಎಂದು ಹೇಳಿ ಹೊರಗೆ ಕಳಿಸಿದರು. ಹಣ ಕಟ್ಟುವ ಕಿಟಕಿಯ ಹುಡುಗ ತಲೆ ಎತ್ತದೆ ಕೇಳಿದ: "ಹಳೆಯ ಪದ್ಧತಿಯೋ, ಲೇಸರೋ?"

"ಯಾವುದು ಒಳ್ಳೆಯದೋ ಅದನ್ನೇ ಮಾಡಲಿ ತಮ್ಮಾ" ಎಂದರು ಕಾಕಾ.

ಅದನ್ನು ಹೇಳಬೇಕಾದವರು ಯಾರು? ಸ್ಕ್ಯಾನಿಂಗ್ ವರದಿಯಲ್ಲಿ ಪ್ರಾಸ್ಟೇಟ್, ಅಂದರೆ ವಯಸ್ಸಾದ ಗಂಡಸರಲ್ಲಿ ಬೆಳೆದು ಮೂತ್ರದ ದಾರಿ ಅಡ್ಡಗಟ್ಟುವ ಗ್ರಂಥಿ, 48 ಗ್ರಾಂ ಎಂದಿದೆ. ಕಿಟಕಿಯ ಹುಡುಗ "ಹಳೆಯದು" ಎಂದದ್ದು ಟಿಯುಆರ್‌ಪಿ ಎಂಬ ಆಪರೇಷನ್ನನ್ನು. ಹೊಟ್ಟೆ ಕೊಯ್ಯದೆ, ಮೂತ್ರನಾಳದ ಮೂಲಕವೇ ಉಪಕರಣ ತೂರಿಸಿ, ಅಡ್ಡ ಬೆಳೆದದ್ದನ್ನು ವಿದ್ಯುತ್ ಕುಣಿಕೆಯಿಂದ ಚೂರುಚೂರಾಗಿ ಕೆತ್ತಿ ತೆಗೆಯುತ್ತಾರೆ. 30ರಿಂದ 80 ಗ್ರಾಂವರೆಗಿನ ಗ್ರಂಥಿಗೆ ಇವತ್ತಿಗೂ ಒಪ್ಪಿತವಾದ ಚಿಕಿತ್ಸೆ ಅದು. ಹಿಂದೆ ತೊಳೆಯಲು ಬಿಡುತ್ತಿದ್ದ ಗ್ಲೈಸಿನ್ ದ್ರವ ರಕ್ತಕ್ಕೆ ಸೇರಿ ಸೋಡಿಯಂ ಕುಸಿಯುವ ಭಯವಿತ್ತು. ಬೈಪೋಲಾರ್ ಎಂಬ ಹೊಸ ಬಗೆಯ ಯಂತ್ರದಲ್ಲಿ ಅದರ ಬದಲು ಸಲೈನ್ ಬಳಸುವುದರಿಂದ ಆ ಭಯ ಬಹುತೇಕ ಹೋಗಿದೆ. ಮತ್ತೆ ಹಳೆಯದು ಎಂದು ಮೂಗು ಮುರಿಯುವುದೇಕೆ?

ಲೇಸರ್ ಎಂದರೂ ಒಂದೇ ಅಲ್ಲ. ಒಂದರಲ್ಲಿ ಬೆಳೆದ ಭಾಗವನ್ನು ಆವಿ ಮಾಡಿಬಿಡುತ್ತಾರೆ, ಪರೀಕ್ಷೆಗೆ ಕಳಿಸಲು ತುಣುಕೂ ಉಳಿಯುವುದಿಲ್ಲ. ಹೋಲ್ಮಿಯಂ ಲೇಸರಿನಲ್ಲಿ ಹೊರಗಿನ ಕವಚ ಉಳಿಸಿ, ಒಳಗಿನ ಗಡ್ಡೆಯನ್ನು ಬಿಡಿಸಿ ಮೂತ್ರಕೋಶಕ್ಕೆ ತಳ್ಳಿ, ಅಲ್ಲಿ ಪುಡಿಮಾಡಿ ಹೊರತೆಗೆಯುತ್ತಾರೆ. ಎಷ್ಟೇ ದೊಡ್ಡ ಗ್ರಂಥಿಗೂ ಆಗುತ್ತದೆ, ರಕ್ತ ಕಡಿಮೆ ಹೋಗುತ್ತದೆ, ಪೈಪ್ ಬೇಗ ತೆಗೆಯುತ್ತಾರೆ. ಆದರೆ ಅದಕ್ಕೆ ಚೆನ್ನಾಗಿ ಪಳಗಿದ ಕೈ ಬೇಕು.

ಲೇಸರ್ ಮೇಲೆ ನನಗೆ ದ್ವೇಷವಿಲ್ಲ. ಅಪ್ಪನಿಗೆ ಅದನ್ನೇ ಮಾಡಿಸಿದ್ದು ನಾನು. ಅವರದು 110 ಗ್ರಾಂ, ಜೊತೆಗೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರು. ಅವರಿಗೆ ಅದೇ ಸರಿ ಇತ್ತು. ಆದರೆ ಟಿಯುಆರ್‌ಪಿ ಇರಲಿ, ಲೇಸರ್ ಇರಲಿ, ಆಪರೇಷನ್ ಆದ ಮೇಲೆ ಹೆಚ್ಚಿನವರಲ್ಲಿ ವೀರ್ಯ ಹಿಮ್ಮುಖವಾಗಿ ಮೂತ್ರಕೋಶಕ್ಕೆ ಹೋಗುತ್ತದೆ, ಅದರಿಂದ ಅಪಾಯವೇನಿಲ್ಲ ಎಂದು ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಏನೋ ದೊಡ್ಡ ಕಾಯಿಲೆ ಬಂದಿದೆ ಎಂದು ಆರು ತಿಂಗಳು ಒಳಗೊಳಗೇ ಕೊರಗಿದರು. ಸಹಿ ಹಾಕುವಾಗ ನಾನೂ ಕೇಳಿರಲಿಲ್ಲ. ಅಪ್ಪನ ಮುಂದೆ ಆ ಮಾತು ಎತ್ತಲು ನಾಚಿದ್ದೆ. ಆ ತಪ್ಪು ನನ್ನದು.

ಹಳ್ಳಿಯ ಮುದುಕರಿಗೆ ಇದೆಲ್ಲ ತಿಳಿಯುವುದಿಲ್ಲ, ಡಾಕ್ಟರಿಗೂ ಪುರಸತ್ತಿಲ್ಲ ಎಂದು ಗೆಳೆಯನೊಬ್ಬ ಫೋನಿನಲ್ಲಿ ಹೇಳಿದ. ಸಾಲು ಉದ್ದವಿತ್ತು ಎಂಬುದು ನಿಜ. ಆದರೆ ತೊಗರಿ ರಾಶಿಯೊಳಗೆ ಕೈಯಾಡಿಸಿ ತೇವ ಎಷ್ಟಿದೆ ಎಂದು ಹೇಳುವ ನಮ್ಮ ಕಾಕಾಗೆ 48 ಮತ್ತು 110ರ ನಡುವಿನ ಅಂತರ ತಿಳಿಯುವುದಿಲ್ಲವೇ? ಹೇಳಿ ನೋಡಿದವರು ಯಾರು?

ಹಣ ಕಟ್ಟದೆ ಬಂದೆವು. ನಾಳೆ ಹತ್ತು ಗಂಟೆಗೆ ಮತ್ತೆ ಡಾಕ್ಟರನ್ನು ಕಾಣುತ್ತೇವೆ. ದಾರಿಯಲ್ಲಿ ಕಾಕಾಗೆ ಎಲ್ಲವನ್ನೂ ಹೇಳಿದೆ, ಅಪ್ಪನ ವಿಷಯವನ್ನೂ ಬಿಡಲಿಲ್ಲ. ಅವರು ಮನೆಗೆ ಬಂದವರೇ ವರದಿಯ ಲಕೋಟೆಯ ಮೇಲೆ ಮೂರು ಪ್ರಶ್ನೆ ಬರೆದುಕೊಂಡಿದ್ದಾರೆ. ಎರಡನ್ನು ನನಗೆ ಓದಿ ಹೇಳಿದರು. ಮೂರನೆಯದನ್ನು ಬೆರಳಿನಿಂದ ಮುಚ್ಚಿಕೊಂಡು, "ಇದನ್ನು ನಾನೇ ಕೇಳುತ್ತೇನೆ" ಎಂದರು.