ಕೊನೆಯ ಹಾಡನ್ನೂ ಕೇಳಿ

ಅಮೆರಿಕದ ರ‍್ಯಾಪ್ ಗಾಯಕ ಜೇ-ಝೀಯ ‘ರೀಸನಬಲ್ ಡೌಟ್’ ಆಲ್ಬಮ್ ಮಾದಕವಸ್ತು ದಂಧೆಯನ್ನು ವೈಭವೀಕರಿಸುತ್ತದೆ ಎಂದು ಅದರ ಕುರಿತ ಲೇಖನದಲ್ಲಿ ಲೇಖಕರು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟುಬಿಟ್ಟಿದ್ದಾರೆ. ಅದರ ಕೊನೆಯ ಹಾಡಿನ ಹೆಸರೇ ‘ರಿಗ್ರೆಟ್ಸ್’, ಅಂದರೆ ಪಶ್ಚಾತ್ತಾಪ. ಅಲ್ಲಿಯವರೆಗೆ ಕೇಳಿದ್ದಾರೋ ಇಲ್ಲವೋ! ‘ಡೀವಿಲ್ಸ್’ ಹಾಡಿನಲ್ಲಂತೂ ಬಾಲ್ಯದ ಗೆಳೆತನವನ್ನು ದುಡ್ಡು ಹೇಗೆ ನುಂಗಿಹಾಕಿತು ಎಂದು ಹೇಳುವಾಗ ದನಿಯಲ್ಲಿ ಜಂಬಕ್ಕಿಂತ ಅಳುಕೇ ಹೆಚ್ಚು. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಮಾರ್ಸಿ ವಸತಿ ಸಮುಚ್ಚಯದಲ್ಲಿ ಬೆಳೆದು, ಆ ದಂಧೆಯನ್ನು ಸ್ವತಃ ಮಾಡಿದವನು 26ನೇ ವಯಸ್ಸಿನಲ್ಲಿ ಆಡಿದ ಮಾತುಗಳಿವು. ದೊಡ್ಡ ಸಂಗೀತ ಕಂಪನಿಗಳು ಕೈಹಿಡಿಯದಿದ್ದಾಗ ಇಬ್ಬರು ಗೆಳೆಯರೊಂದಿಗೆ ಸ್ವಂತ ಸಂಸ್ಥೆ ಕಟ್ಟಿ, 1996ರ ಜೂನ್‌ನಲ್ಲಿ ಈ ಆಲ್ಬಮ್ ಹೊರತಂದ. ಆಗ ಅಮೆರಿಕದ ಆಲ್ಬಮ್‌ಗಳ ಬಿಲ್‌ಬೋರ್ಡ್ ಜನಪ್ರಿಯತಾ ಪಟ್ಟಿಯಲ್ಲಿ ಏರಿದ್ದು 23ನೇ ಸ್ಥಾನಕ್ಕಷ್ಟೇ. ಇದರಲ್ಲಿರುವ, ಇನ್ನೊಬ್ಬ ರ‍್ಯಾಪ್ ಗಾಯಕ ನಟೋರಿಯಸ್ ಬಿ.ಐ.ಜಿ. ಜೊತೆಗಿನ ಜುಗಲ್‌ಬಂದಿಯನ್ನು ನಾನಂತೂ ಇಂದಿಗೂ ಒಂದೇ ಸಲಕ್ಕೆ ಕೇಳಿ ನಿಲ್ಲಿಸಿದ್ದಿಲ್ಲ.