ಎರಡನೇ ಟೀ ಬಂದ ಮೇಲೆ

ಎರಡು ತಿಂಗಳ ಹಿಂದೆ, ಒಂದು ಶನಿವಾರ ಸಂಜೆ. ನಮ್ಮ ದಾವಣಗೆರೆಯ ಒಂದು ಸಣ್ಣ ಹೋಟೆಲಿನ ಹಿಂದಿನ ಅಂಗಳ. ಇಪ್ಪತ್ತಾರು ಜನ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಸುತ್ತ ಕೂತಿದ್ದೆವು. ನಡುವೆ ಇಬ್ಬರು. ಒಬ್ಬರು ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ದುಡಿದ ಹಿರಿಯರು. ಇನ್ನೊಬ್ಬರು ಫಿಸಿಕ್ಸ್ ಹೇಳಿಕೊಡುವ ಮೇಷ್ಟ್ರು. ತಿಂಗಳಿಗೊಮ್ಮೆ ಸೇರುವ ನಮ್ಮ ಮಾತಿನ ಕೂಟದಲ್ಲಿ ಅವತ್ತಿನ ವಿಷಯ: ಮಂಡಕ್ಕಿ ಯಾಕೆ ಅರಳುತ್ತದೆ?

ಹಿರಿಯರು ಮೊದಲು ಮಾತಾಡಿದರು. ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಬೇಕು, ಮಿಲ್ಲಿಗೆ ಹಾಕಿ ಅಕ್ಕಿ ಮಾಡಬೇಕು. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಮತ್ತೆ ಒಣಗಿಸಬೇಕು. ಒಣಗಿದೆಯೋ ಇಲ್ಲವೋ ಅಂತ ಹಲ್ಲಲ್ಲಿ ಕಚ್ಚಿ ನೋಡಬೇಕು. ಆಮೇಲೆ ಕಾದ ಮರಳು. "ಮರಳು ಸಾಕಷ್ಟು ಕಾದಿದ್ದು ಹೆಂಗೆ ಗೊತ್ತಾಗುತ್ತೆ?" ಅಂತ ಯಾರೋ ಕೇಳಿದರು. "ಮೊದಲನೇ ಹಿಡಿ ಹಾಕಿದಾಗ ಬರೋ ಸದ್ದಲ್ಲಿ" ಅಂದರು. ಎರಡು ಕೈಯನ್ನೂ ಮುಂದೆ ಚಾಚಿ, ಆ ಸದ್ದು ಹೇಗಿರುತ್ತದೆ ಅಂತ ಬಾಯಲ್ಲೇ ಮಾಡಿ ತೋರಿಸಿದರು.

ಆಮೇಲೆ ಮೇಷ್ಟ್ರು. ಅಕ್ಕಿ ಕಾಳಿನೊಳಗೆ ಸ್ವಲ್ಪ ನೀರು ಉಳಿದಿರುತ್ತದೆ. ಬೇಯಿಸಿ ಒಣಗಿಸಿದ ಭತ್ತವಾದ್ದರಿಂದ ಕಾಳು ಗಟ್ಟಿ. ಕಾದ ಮರಳಿಗೆ ಬಿದ್ದ ಕೂಡಲೇ ಒಳಗಿನ ನೀರು ಆವಿಯಾಗುತ್ತದೆ. ಆವಿಗೆ ನೀರಿಗಿಂತ ಸುಮಾರು 1,600 ಪಟ್ಟು ಜಾಸ್ತಿ ಜಾಗ ಬೇಕು. ಹೊರಗೆ ಹೋಗೋಣ ಅಂದರೆ ದಾರಿ ಇಲ್ಲ. ಅಷ್ಟರಲ್ಲಿ ಕಾಳಿನಲ್ಲಿರುವ ಗಂಜಿಯ ಅಂಶ, ಅಂದರೆ ಪಿಷ್ಟ, ಬಿಸಿಗೆ ಮೆತ್ತಗಾಗಿರುತ್ತದೆ, ಆವಿ ಅದನ್ನು ಒಳಗಿನಿಂದ ತಳ್ಳುತ್ತದೆ. ಇಷ್ಟು ಹೇಳಿ ಮೇಷ್ಟ್ರು ಒಂದು ಪದಕ್ಕಾಗಿ ತಡಕಾಡಿದರು. "ಅಲ್ಲಿ ಎಕ್ಸ್‌ಪಾನ್ಶನ್ ಆಗುತ್ತೆ" ಅಂದರು. ಹಿರಿಯರು ತಕ್ಷಣ, "ಅರಳುತ್ತೆ ಅನ್ನಿ ಸಾರ್, ಹೂವು ಅರಳಿದಂಗೆ" ಅಂದರು.

ಅಷ್ಟು ಹೊತ್ತಿಗೆ ಎರಡನೇ ಸುತ್ತಿನ ಟೀ ಬಂತು. ಜೊತೆಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಎಲ್ಲರೂ ಎದ್ದು ಓಡಾಡಿದರು, ಪಕ್ಕದವರ ಹತ್ತಿರ ಮಾತಾಡಿದರು. ಅದುವರೆಗೆ ಬಾಯಿ ಬಿಡದಿದ್ದ ಒಬ್ಬ ಪಿಯುಸಿ ಹುಡುಗಿ ಲೋಟ ಹಿಡಿದುಕೊಂಡೇ ಹಿರಿಯರ ಹತ್ತಿರ ಹೋಗಿ ಕೇಳಿದಳು. "ಉಪ್ಪು ಹಾಕೋದು ರುಚಿಗಾ?"

"ರುಚಿಗೂ ಹೌದು. ಉಪ್ಪು ಕಡಿಮೆ ಆದರೆ ಸರಿಯಾಗಿ ಅರಳಲ್ಲಮ್ಮ."

"ಯಾಕೆ?"

ಹಿರಿಯರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ನನಗೆ ಗೊತ್ತಿಲ್ಲಮ್ಮ" ಅಂದರು.

ನನ್ನ ಓದು, ಕೆಲಸ ಎಲ್ಲಾ ಸೇರಿ ನಲವತ್ತು ವರ್ಷದಲ್ಲಿ ನೂರಾರು ಭಾಷಣ ಕೇಳಿದ್ದೇನೆ. ಮಾತಾಡಲು ಬಂದವರು ಎಲ್ಲರ ಮುಂದೆ ಇಷ್ಟು ಸಲೀಸಾಗಿ "ಗೊತ್ತಿಲ್ಲ" ಅಂದಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆ ಮಾತಿಗಾಗಿಯೇ ಈ ಬರಹ ಬರೆಯಬೇಕು ಅನ್ನಿಸಿತು.

ನಮ್ಮ ಈ ಕೂಟಕ್ಕೆ ಹೆಸರಿಲ್ಲ. ತಿಂಗಳಿಗೊಂದು ಸಲ, ಎರಡನೇ ಶನಿವಾರ ಸೇರುತ್ತೇವೆ. ಒಬ್ಬರೋ ಇಬ್ಬರೋ ತಮಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನು ಇಪ್ಪತ್ತು ನಿಮಿಷ ಹೇಳುತ್ತಾರೆ. ಆಮೇಲೆ ಟೀ. ಆಮೇಲೆ ಒಂದು ಗಂಟೆ ಪ್ರಶ್ನೆ. ಇದನ್ನು ನಾವು ಕಂಡುಹಿಡಿದಿದ್ದಲ್ಲ. ಪ್ಯಾರಿಸ್‌ನಲ್ಲಿ ಮಾರ್ಕ್ ಸೋಟೆ ಅನ್ನುವವರು 1992ರಲ್ಲಿ ಒಂದು ಕೆಫೆಯಲ್ಲಿ ಜನರನ್ನು ಸೇರಿಸಿ ತತ್ವಶಾಸ್ತ್ರ ಮಾತಾಡಲು ಶುರು ಮಾಡಿದರು. ಅದನ್ನು ನೋಡಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಟಿವಿ ಕಾರ್ಯಕ್ರಮ ಮಾಡುತ್ತಿದ್ದ ಡಂಕನ್ ಡಲ್ಲಾಸ್ 1998ರಲ್ಲಿ ವಿಜ್ಞಾನಕ್ಕೂ ಅಂಥದ್ದೇ ಕೆಫೆ ಶುರು ಮಾಡಿದರು. ವಿಜ್ಞಾನಿ ಸ್ವಲ್ಪ ಹೊತ್ತು ಮಾತಾಡುವುದು, ನಡುವೆ ಲೋಟ ತುಂಬಿಸಿಕೊಳ್ಳಲು ಬಿಡುವು, ಉಳಿದಿದ್ದೆಲ್ಲ ಪ್ರಶ್ನೆಗೆ. ಇಡೀ ಗುಟ್ಟು ಆ ಬಿಡುವಿನಲ್ಲಿದೆ ಅಂತ ನನಗೆ ಈಗ ಗೊತ್ತಾಗಿದೆ. ಬಿಡುವಿನಲ್ಲಿ ನಿಮ್ಮ ಪ್ರಶ್ನೆಯನ್ನು ಮೊದಲು ಪಕ್ಕದವರಿಗೆ ಹೇಳುತ್ತೀರಿ. ಅವರು "ಹೌದಲ್ವಾ, ಕೇಳಿ" ಅಂದರೆ ಧೈರ್ಯ ಬರುತ್ತದೆ.

ಪಿಂಟ್ ಆಫ್ ಸೈನ್ಸ್, ಅಂದರೆ ಒಂದು ಲೋಟ ವಿಜ್ಞಾನ, ಅಂತ ಇಂಥದ್ದೇ ಇನ್ನೊಂದಿದೆ. ಅದರ ಹುಟ್ಟು ನನಗೆ ಬಹಳ ಇಷ್ಟ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ ಇಬ್ಬರು 2012ರಲ್ಲಿ ಪಾರ್ಕಿನ್ಸನ್, ಆಲ್ಝೈಮರ್ ಅಂಥ ಕಾಯಿಲೆ ಇರುವವರನ್ನು, ಅವರ ಮನೆಯವರನ್ನು ಲ್ಯಾಬಿಗೆ ಕರೆದರು. ನಿಮ್ಮ ಕಾಯಿಲೆ ಬಗ್ಗೆ ಏನು ಕೆಲಸ ನಡೀತಿದೆ ಬಂದು ನೋಡಿ ಅಂದರು. ಜನ ಲ್ಯಾಬಿಗೆ ಬರೋದಾದರೆ ವಿಜ್ಞಾನಿಗಳೇ ಜನರ ಹತ್ತಿರ ಯಾಕೆ ಹೋಗಬಾರದು ಅಂತ ಆಗ ಹೊಳೆಯಿತು. 2013ರ ಮೇ ತಿಂಗಳಲ್ಲಿ ಪಬ್‌ಗಳಲ್ಲಿ ಮಾತು ಶುರುವಾಯಿತು. ಈಗ ಎಷ್ಟೋ ದೇಶಗಳಲ್ಲಿ ಪ್ರತಿ ಮೇ ತಿಂಗಳು ನಡೆಯುತ್ತದೆ.

ನಮ್ಮ ಮೊದಲ ಪ್ರಯತ್ನ ಹೀಗಿರಲಿಲ್ಲ. ಒಂದು ಸಂಸ್ಥೆಯವರು ಹಾಲ್ ಕೊಡುತ್ತೇವೆ ಅಂದರು. ಒಳ್ಳೆಯ ಹಾಲ್, ಮೈಕು, ಫ್ಯಾನು ಎಲ್ಲಾ ಇತ್ತು. ಆದರೆ ಹಾಲ್ ಅಂದ ಮೇಲೆ ವೇದಿಕೆ ಬಂತು. ವೇದಿಕೆ ಬಂದ ಮೇಲೆ ಮುಖ್ಯ ಅತಿಥಿ ಬಂದರು. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಶಾಲು. ಮುಖ್ಯ ಅತಿಥಿಗಳು ನಲವತ್ತು ನಿಮಿಷ ಮಾತಾಡಿದರು. ಅಂತರ್ಜಲದ ಬಗ್ಗೆ ಹೇಳಲು ಚಿತ್ರದುರ್ಗದಿಂದ ಬಸ್ಸಿನಲ್ಲಿ ಬಂದಿದ್ದ ಹುಡುಗನಿಗೆ ಸಿಕ್ಕಿದ್ದು ಹತ್ತು ನಿಮಿಷ. ಕೊನೆಗೆ "ಪ್ರಶ್ನೆ ಇದ್ದರೆ ಕೇಳಿ" ಅಂದರು. ಯಾರೂ ಕೇಳಲಿಲ್ಲ. ವಂದನಾರ್ಪಣೆ ಆಯಿತು. ಹೊರಗೆ ಬಂದು ರಸ್ತೆ ಬದಿ ಟೀ ಕುಡಿಯುವಾಗ ನಾಲ್ಕು ಜನ ಆ ಹುಡುಗನನ್ನು ಸುತ್ತುವರಿದರು. ನಮ್ಮ ಹೊಲದಲ್ಲಿ ಒಂದು ಬೋರ್ ಬತ್ತಿದೆ, ಐವತ್ತು ಅಡಿ ಆಚೆಗಿನ ಬೋರಿನಲ್ಲಿ ನೀರಿದೆ, ಹೆಂಗೆ? ಅವನು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ, ಕಲ್ಲಿನ ಬಿರುಕಿನಲ್ಲಿ ನೀರು ಹೇಗೆ ಇರುತ್ತದೆ ಅಂತ ತೋರಿಸಿದ. ನಮ್ಮ ಕಡೆ ಕೆಳಗಿರುವುದು ಗಟ್ಟಿ ಬಂಡೆ, ಬಿರುಕು ಸಿಕ್ಕವರಿಗೆ ನೀರು, ಸಿಗದವರಿಗೆ ಧೂಳು. ಮುಕ್ಕಾಲು ಗಂಟೆ ಮಾತು ನಡೆಯಿತು. ಮುಂದಿನ ತಿಂಗಳು ನಾವು ಹಾಲ್ ಕೇಳಲೇ ಇಲ್ಲ.

ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಓದಿದ್ದು ನಾಲ್ಕನೇ ಕ್ಲಾಸು. ಶಿಫ್ಟ್ ಮುಗಿಸಿ ಟೀ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿ ಒಬ್ಬರು ಪೇಪರ್ ಜೋರಾಗಿ ಓದುವುದು, ಉಳಿದವರು ಬೈಟು ಟೀ ಕುಡಿಯುತ್ತಾ ಕೇಳುವುದು, ನಡುನಡುವೆ ತಡೆದು "ಹಂಗಂದ್ರೇನು?" ಅನ್ನುವುದು. ಅಪ್ಪನಿಗೆ ಬ್ಯಾಂಕಿನ ಬಡ್ಡಿ, ಬಾಂಗ್ಲಾ ಯುದ್ಧ, ಚಂದ್ರನ ಮೇಲೆ ಇಳಿದವರ ಕಥೆ ಎಲ್ಲಾ ಗೊತ್ತಾಗಿದ್ದು ಆ ಬೆಂಚಿನ ಮೇಲೆ. ಲಂಡನ್ನಿನಲ್ಲಿ ಮೊದಲ ಕಾಫಿ ಮನೆ ತೆರೆದಿದ್ದು 1652ರಲ್ಲಂತೆ. ಒಂದು ಪೆನ್ನಿ ಕೊಟ್ಟರೆ ಕಾಫಿಯೂ ಸಿಗುತ್ತಿತ್ತು, ದೊಡ್ಡ ದೊಡ್ಡವರ ಮಾತೂ ಕೇಳಬಹುದಿತ್ತು. ಅದಕ್ಕೇ ಅವನ್ನು ಒಂದು ಪೆನ್ನಿಯ ಯೂನಿವರ್ಸಿಟಿ ಅಂತ ಕರೆದರು. ಅಲ್ಲಿ ಜನ ಸೇರಿ ಏನೇನೋ ಮಾತಾಡುತ್ತಾರೆ ಅಂತ ರಾಜ ಎರಡನೇ ಚಾರ್ಲ್ಸ್ 1675ರ ಕೊನೆಯಲ್ಲಿ ಅವನ್ನೆಲ್ಲ ಮುಚ್ಚಲು ಆಜ್ಞೆ ಮಾಡಿದ. ಜನ ಎಷ್ಟು ಗಲಾಟೆ ಮಾಡಿದರು ಅಂದರೆ ಕೆಲವೇ ದಿನದಲ್ಲಿ ಆಜ್ಞೆ ವಾಪಸ್ ತಗೋಬೇಕಾಯಿತು. ಅದನ್ನು ಓದಿದಾಗ ನನಗೆ ಅಪ್ಪನ ಟೀ ಅಂಗಡಿ ನೆನಪಾಯಿತು.

ಈಗ ಕುಡಿಯುವ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ನಮ್ಮಲ್ಲೇ ಜಗಳ ಆಗಿದೆ. ಬೆಂಗಳೂರಿನಲ್ಲಿ ಇದ್ದು ಬಂದ ಗೆಳೆಯರು, ಬಿಯರ್ ಇದ್ದರೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ, ಅಲ್ಲೆಲ್ಲ ಹಾಗೇ ಮಾಡುವುದು ಅಂದರು. ಒಂದು ತಿಂಗಳು ಬಾರ್ ಇರುವ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ಮಾಡಿದೆವು. ಹದಿನಾಲ್ಕು ಜನ ಬಂದರು. ಹೆಂಗಸು ನಾನೊಬ್ಬಳೇ. ಪ್ರತಿ ಸಲ ಬರುತ್ತಿದ್ದ ನರ್ಸ್ ಬರಲಿಲ್ಲ, ಅಂಗನವಾಡಿ ಟೀಚರ್ ಬರಲಿಲ್ಲ, ಕಾಲೇಜು ಹುಡುಗಿಯರು ಬರಲಿಲ್ಲ. ಯಾಕೆ ಅಂತ ಆಮೇಲೆ ಕೇಳಿದೆ. "ಅಕ್ಕ, ಅಲ್ಲಿಂದ ಹೊರಗೆ ಬರೋದನ್ನ ಯಾರಾದರೂ ನೋಡಿದರೆ ಮನೇಲಿ ಏನು ಹೇಳಲಿ?" ಅಂದಳು ಒಬ್ಬಳು. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಿಯರ್ ಕುಡಿಯುವವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವರವರ ಸಂಜೆ ಅವರವರದು. ಆದರೆ ನಮ್ಮೂರಿನಲ್ಲಿ ಯಾವ ಲೋಟ ಇಡುತ್ತೇವೆ ಅನ್ನುವುದರ ಮೇಲೆ ಯಾರು ಬರುತ್ತಾರೆ ಅನ್ನುವುದು ನಿಂತಿದೆ. ಆ ಲಂಡನ್ನಿನ ಕಾಫಿ ಮನೆಗಳಲ್ಲೂ ಹೆಣ್ಣುಮಕ್ಕಳಿಗೆ ಗಿರಾಕಿಯಾಗಿ ಕೂರುವ ಜಾಗ ಇರಲಿಲ್ಲ. ಅವರು ಮೂರೂವರೆ ಶತಮಾನದ ಹಿಂದೆ ಮಾಡಿದ ತಪ್ಪನ್ನು ನಾವು ಈಗ ಕಾಸು ಕೊಟ್ಟು ಯಾಕೆ ಮಾಡಬೇಕು? ಅದಕ್ಕೇ ಟೀ, ಬೇಸಿಗೆಯಲ್ಲಿ ಮಜ್ಜಿಗೆ, ಲಿಂಬು ಸೋಡಾ. ಸಂಜೆ ನಾಲ್ಕೂವರೆಗೆ ಶುರು, ಆರೂವರೆಗೆ ಮುಗಿತಾಯ. ಹಳ್ಳಿ ಬಸ್ ಹಿಡಿಯುವವರಿಗೆ ಬಸ್ ಸಿಗಬೇಕು. ತಲೆಗೆ ಮೂವತ್ತು ರೂಪಾಯಿ, ಎರಡು ಟೀ, ಒಂದು ಪ್ಲೇಟ್ ಮಂಡಕ್ಕಿ. ಓದುವ ಮಕ್ಕಳಿಗೆ ಪುಕ್ಕಟೆ. ಇದನ್ನು ನಾನು ಬಿಟ್ಟುಕೊಡುವುದಿಲ್ಲ.

ಕನ್ನಡದಲ್ಲಿ "ಕೇಳು" ಅನ್ನುವ ಒಂದೇ ಮಾತಿಗೆ ಎರಡು ಅರ್ಥ ಇದೆ. ಕಿವಿಯಿಂದ ಕೇಳುವುದು, ಬಾಯಿಂದ ಕೇಳುವುದು. ನಮ್ಮ ಕಡೆ ಜನಕ್ಕೆ ಮೊದಲನೆಯದು ಚೆನ್ನಾಗಿ ಗೊತ್ತು. ಸಿರಿಗೆರೆಯ ತರಳಬಾಳು ಮಠದವರು ವರ್ಷಕ್ಕೊಮ್ಮೆ ನಡೆಸುವ ತರಳಬಾಳು ಹುಣ್ಣಿಮೆ 1950ರಲ್ಲಿ ನಮ್ಮ ಜಗಳೂರಿನಲ್ಲಿ ಶುರುವಾಗಿದ್ದು. ಒಂಬತ್ತು ದಿನ, ಸಾವಿರಾರು ಜನ, ಹೊಲದ ಕೆಲಸ ಮುಗಿಸಿ ಬಂದು ರಾತ್ರಿವರೆಗೆ ಕೂತು ಸಾಹಿತಿಗಳ, ವಿಜ್ಞಾನಿಗಳ ಮಾತು ಕೇಳುತ್ತಾರೆ. ಇಷ್ಟು ತಾಳ್ಮೆಯಿಂದ ಕೇಳುವ ಜನ ಎಲ್ಲಾ ಕಡೆ ಸಿಗಲ್ಲ. ಎರಡನೇ ಕೇಳುವುದಕ್ಕೆ ಮಾತ್ರ ನಮಗೆ ಜಾಗ ಸಾಲದು. ಅಷ್ಟು ದೊಡ್ಡ ಪೆಂಡಾಲಿನಲ್ಲಿ ಎದ್ದು ನಿಂತು ಕೇಳಲು ಯಾರಿಗೆ ಧೈರ್ಯ ಬರುತ್ತದೆ? ಇಪ್ಪತ್ತು ಜನ, ಒಂದೇ ಎತ್ತರದ ಕುರ್ಚಿ, ಕೈಯಲ್ಲೊಂದು ಲೋಟ ಇದ್ದರೆ ಬರುತ್ತದೆ.

ಬಂದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಾಹ್ಯಾಕಾಶಕ್ಕೆ ಹೋಗಿ ವಾಪಸ್ ಬಂದು ಮತ್ತೆ ಬಳಸುವಂಥ ವಾಹನಕ್ಕಾಗಿ ಇಸ್ರೋದವರು ಪ್ರಯೋಗ ಮಾಡಿದ ಪುಷ್ಪಕ್ ಬಗ್ಗೆ ಒಂದು ಸಂಜೆ ಮಾತಿತ್ತು. ನಮ್ಮ ಪಕ್ಕದ ಚಳ್ಳಕೆರೆಯಲ್ಲಿ, 2023ರಿಂದ 2024ರ ಜೂನ್‌ವರೆಗೆ ಮೂರು ಸಲ ಆ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಅದು ತಾನೇ ದಾರಿ ನೋಡಿಕೊಂಡು ರನ್‌ವೇ ಮೇಲೆ ಇಳಿಯಿತು. ಮೂರನೇ ಸಲ ಇಳಿಯುವಾಗ ವೇಗ ಗಂಟೆಗೆ 320 ಕಿಲೋಮೀಟರಿಗಿಂತ ಜಾಸ್ತಿ, ನಾವು ಹತ್ತುವ ವಿಮಾನ ಇಳಿಯುವುದು ಸುಮಾರು 260ರಲ್ಲಿ. ನೆಲ ಮುಟ್ಟಿದ ಮೇಲೆ ಹಿಂದೆ ಪ್ಯಾರಾಚೂಟ್ ಬಿಚ್ಚಿ ವೇಗ ಇಳಿಸುತ್ತಾರೆ. ಇದನ್ನು ಹೇಳಿದವರು ಒಬ್ಬ ಇಂಜಿನಿಯರಿಂಗ್ ಮೇಷ್ಟ್ರು, ಬಹಳ ಚೆನ್ನಾಗಿ ಹೇಳಿದರು. ಟೀ ಆದ ಮೇಲೆ ಚಳ್ಳಕೆರೆ ಕಡೆಯ ಒಬ್ಬ ಹುಡುಗ ಕೇಳಿದ. "ಸಾರ್, ಆ ಕಾವಲಲ್ಲಿ ನಮ್ಮಜ್ಜ ಕುರಿ ಮೇಯಿಸ್ತಿದ್ದ. ಈಗ ಕಾಂಪೌಂಡ್ ಇದೆ. ಪುಷ್ಪಕ್ ಇಳಿದಿದ್ದಕ್ಕೆ ನನಗೂ ಖುಷಿ. ಆದರೆ ಕುರಿ ಎಲ್ಲಿ ಹೋಗಬೇಕು?"

ಕಾವಲು ಅಂದರೆ ದನ, ಕುರಿ ಮೇಯುವ ಹುಲ್ಲುಗಾವಲು. ಆ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಗಿದ್ದು ನಮಗೆಲ್ಲ ಗೊತ್ತು. ಅದನ್ನು ಪೇಪರಿನಲ್ಲಿ ಓದುವುದು ಬೇರೆ. ಪಕ್ಕದ ಕುರ್ಚಿಯಲ್ಲಿ ಕೂತ ಹುಡುಗ ಹೇಳುವುದು ಬೇರೆ. ಮೇಷ್ಟ್ರು ತಾವು ಅದನ್ನು ಯೋಚನೆ ಮಾಡಿರಲಿಲ್ಲ ಅಂತ ಒಪ್ಪಿಕೊಂಡರು. ಅವತ್ತಿನ ಉಳಿದ ಹೊತ್ತು ಪೂರ್ತಿ ಹುಲ್ಲುಗಾವಲು, ಕುರಿ, ಕಂಬಳಿ ಮೇಲೆ ಮಾತು ನಡೆಯಿತು. ಮೇಷ್ಟ್ರು ಜಾಸ್ತಿ ಕೇಳಿದರು, ಹುಡುಗ ಜಾಸ್ತಿ ಹೇಳಿದ.

ಇದರಿಂದ ಏನು ಉಪಯೋಗ ಅಂತ ಕೆಲವರು ಕೇಳುತ್ತಾರೆ. ಸರ್ಟಿಫಿಕೇಟ್ ಇದೆಯಾ, ಕೆಲಸ ಸಿಗುತ್ತಾ. ಇಲ್ಲ. ನಮ್ಮೂರಿನಲ್ಲಿ ಕಾಲೇಜುಗಳಿಗೆ ಬರವಿಲ್ಲ. ಮೆಡಿಕಲ್, ಇಂಜಿನಿಯರಿಂಗ್, 2009ರಿಂದ ವಿಶ್ವವಿದ್ಯಾಲಯವೂ ಇದೆ. ಅಷ್ಟೊಂದು ತಿಳಿವಳಿಕೆ ಕಾಂಪೌಂಡಿನ ಒಳಗಿದೆ. ಭಟ್ಟಿಯಲ್ಲಿ, ಹೊಲದಲ್ಲಿ, ಆಸ್ಪತ್ರೆ ವಾರ್ಡಿನಲ್ಲಿ ಇರುವ ತಿಳಿವಳಿಕೆ ಹೊರಗಿದೆ. ಎರಡೂ ಒಂದೇ ಟೇಬಲ್ಲಿಗೆ ಬರುವುದನ್ನು ನೋಡಬೇಕು ಅಂತ ನನಗೆ ಆಸೆ. ಬೆಂಗಳೂರಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಾರ ವಾರ ಯಾರು ಬೇಕಾದರೂ ಬಂದು ಕೇಳುವ ಉಪನ್ಯಾಸ ನಡೆಸಿದರು. ನಮ್ಮಿಂದ ತಿಂಗಳಿಗೊಂದಾದರೂ ಆಗಬೇಕು. ಚಿತ್ರದುರ್ಗದ ಗೆಳೆಯರೂ ಶುರು ಮಾಡುತ್ತೇವೆ ಅಂದಿದ್ದಾರೆ. ಅವರಿಗೆ ವಿಷಯಕ್ಕೆ ಬರವೇ ಇಲ್ಲ. ಚಂದ್ರವಳ್ಳಿಯಲ್ಲಿ ರೋಮ್ ದೇಶದ ನಾಣ್ಯ ಹೇಗೆ ಬಂತು ಅನ್ನುವುದೊಂದೇ ಮೂರು ಟೀಗೆ ಸಾಕು.

ಆ ಪಿಯುಸಿ ಹುಡುಗಿಯ ಕಥೆ ಬಾಕಿ ಇದೆ. ಹೋದ ತಿಂಗಳು ಅವಳು ಬರುವಾಗ ಕೈಯಲ್ಲಿ ಪೇಪರಿನ ಎರಡು ಪೊಟ್ಟಣ ಇದ್ದವು. ಭಟ್ಟಿಯ ಹಿರಿಯರ ಹತ್ತಿರ ಬೇಯಿಸಿ ಮಾಡಿದ ಅಕ್ಕಿ ಇಸ್ಕೊಂಡು ಹೋಗಿದ್ದಳಂತೆ. ಅರ್ಧಕ್ಕೆ ಉಪ್ಪುನೀರು, ಇನ್ನರ್ಧಕ್ಕೆ ಬರೀ ನೀರು. ಎರಡನ್ನೂ ಒಟ್ಟಿಗೆ ಒಣಗಿಸಿ, ಅಮ್ಮನ ಹಳೇ ಬಾಣಲೆಯಲ್ಲಿ ಮರಳು ಕಾಯಿಸಿ ಹುರಿದಿದ್ದಳು. ಪೊಟ್ಟಣ ಬಿಚ್ಚಿ ಟೇಬಲ್ ಮೇಲೆ ಸುರಿದಳು. ಒಂದು ಗುಂಪು ದಪ್ಪ, ಬಿಳಿ. ಇನ್ನೊಂದು ಸಣ್ಣ, ಅಲ್ಲಲ್ಲಿ ಕೆಂಪು. ಹಿರಿಯರು ಎರಡರಿಂದಲೂ ಒಂದೊಂದು ಕಾಳು ಬಾಯಿಗೆ ಹಾಕಿಕೊಂಡು, "ಮರಳು ಇನ್ನೂ ಸ್ವಲ್ಪ ಕಾಯಬೇಕಿತ್ತು ಮಗಳೇ" ಅಂದರು. ಮೇಷ್ಟ್ರು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಯಾಕೆ ಹೀಗೆ ಅನ್ನುವುದನ್ನು ಓದಿಕೊಂಡು ಬರುತ್ತೇನೆ ಅಂದಿದ್ದಾರೆ.

ಬರುವ ಎರಡನೇ ಶನಿವಾರ ಅದೇ ಅಂಗಳ, ಅದೇ ನಾಲ್ಕೂವರೆ. ಉಪ್ಪಿನ ಗುಟ್ಟು ಗೊತ್ತಿರುವವರು ಇದ್ದರೆ ದಯವಿಟ್ಟು ಬನ್ನಿ. ಗೊತ್ತಿಲ್ಲದವರೂ ಬನ್ನಿ.